ಜಿಮ್ ಕ್ರೈಟನ್‌ನ ಮೂರು ಬೇಸಿಗೆ

ಕೇಳುಗರೇ, ನಮಸ್ಕಾರ.

ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನನ್ನು ಪಿಚರ್ ಅನ್ನುತ್ತಾರೆ. ಬ್ಯಾಟ್ ಹಿಡಿದವನನ್ನು ಔಟ್ ಮಾಡುವುದು ಈಗ ಅವನ ಕೆಲಸ, ನಮ್ಮ ಬೌಲರ್‌ಗಳ ಹಾಗೆ. ಆದರೆ 1850ರ ದಶಕದಲ್ಲಿ ಬ್ಯಾಟರ್ ಚೆನ್ನಾಗಿ ಹೊಡೆಯಲಿ ಅಂತಲೇ ಚೆಂಡು ಹಾಕಬೇಕಿತ್ತು. 45 ಅಡಿ ದೂರದಿಂದ, ಕೈ ಕೆಳಗಿಟ್ಟು, ಮಣಿಕಟ್ಟು ಅಲುಗಿಸದೆ. ಅಂಗಳದಲ್ಲಿ ಮಕ್ಕಳಿಗೆ ಹಾಕುತ್ತೇವಲ್ಲ, ಹಾಗೆ.

1841ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಜಿಮ್ ಕ್ರೈಟನ್ ಇದನ್ನು ಬದಲಿಸಿದ. ಕೈ ಕೆಳಗೇ ಇರುತ್ತಿತ್ತು. ಚೆಂಡು ಬಿಡುವಾಗ ಮಾತ್ರ ಮಣಿಕಟ್ಟನ್ನು ಚಕ್ಕನೆ ತಿರುಗಿಸುತ್ತಿದ್ದನಂತೆ. ಕಣ್ಣಿಗೆ ಬೀಳದಷ್ಟು ಚುರುಕು. ಚೆಂಡು ರಭಸದಿಂದ ಮೇಲೇಳುತ್ತಾ ಬರುತ್ತಿತ್ತು. ನಿಯಮ ಮುರಿದ ಅಂತ ಗೊಣಗಿದವರೂ ಇದ್ದರು. ನನಗಂತೂ ನಿಜವಾದ ಪಿಚರ್ ಹುಟ್ಟಿದ್ದೇ ಆ ಕೈಯಿಂದ ಅನಿಸುತ್ತದೆ.

1860ರಲ್ಲಿ ಬ್ರೂಕ್ಲಿನ್‌ನ ಎಕ್ಸೆಲ್ಸಿಯರ್ ಕ್ಲಬ್ ಆತನನ್ನು ಸೇರಿಸಿಕೊಂಡಿತು. ಆಟಕ್ಕೆ ದುಡ್ಡು ತೆಗೆದುಕೊಳ್ಳುವಂತಿರಲಿಲ್ಲ. ಆದರೂ ಗುಟ್ಟಾಗಿ ಕೊಡುತ್ತಿದ್ದರು ಅಂತ ಇತಿಹಾಸ ಬರೆದವರು ನಂಬುತ್ತಾರೆ. ಅದಕ್ಕೇ ಅವನನ್ನು ಮೊದಮೊದಲ ವೃತ್ತಿಪರ ಆಟಗಾರರಲ್ಲಿ ಒಬ್ಬ ಅನ್ನುವುದು. ಆ ಬೇಸಿಗೆಯಲ್ಲಿ ತಂಡ ಆಲ್ಬನಿ, ರಾಚೆಸ್ಟರ್, ಬಫಲೊ ಅಂತ ಊರೂರು ಸುತ್ತಿ ಆಡಿತು. ನವೆಂಬರ್‌ನಲ್ಲಿ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ ವಿರುದ್ಧ ಬೇಸ್‌ಬಾಲ್ ಆಡಿ 25-0 ಗೆಲುವು! ಎದುರಾಳಿಗೆ ಒಂದು ರನ್ನೂ ಸಿಗದಿರುವುದು ಆಗಿನ ಕಾಲದಲ್ಲಿ ಕೇಳರಿಯದ ಮಾತು.

ಕ್ರಿಕೆಟ್ಟನ್ನೂ ಚೆನ್ನಾಗಿ ಆಡುತ್ತಿದ್ದ ಹುಡುಗ. ಎರಡೂ ಆಟ, ಎರಡರಲ್ಲೂ ಮೈಯೆಲ್ಲ ತಿರುಚುವ ಕೆಲಸ. ಸಾಕಪ್ಪಾ ಸ್ವಲ್ಪ ಸುಮ್ನೆ ಕೂರು ಅಂತ ಹೇಳುವವರು ಇರಲಿಲ್ಲವೇನೋ.

1862ರ ಅಕ್ಟೋಬರ್ 14ರಂದು ಮಾರಿಸಾನಿಯಾದ ಯೂನಿಯನ್ ತಂಡದ ಜೊತೆ ಪಂದ್ಯ ಆಡಿದ. ಆಮೇಲೆ ಹೊಟ್ಟೆಯಲ್ಲಿ ತಡೆಯಲಾರದ ನೋವು. ನಾಲ್ಕು ದಿನ ಮನೆಯಲ್ಲಿ ನರಳಿ, 18ರಂದು ತೀರಿಕೊಂಡ. ಆಗಿನ್ನೂ 21 ವರ್ಷ. ಹೋಮ್ ರನ್, ಅಂದರೆ ನಮ್ಮ ಸಿಕ್ಸರ್‌ನಂಥ ದೊಡ್ಡ ಹೊಡೆತ, ಹೊಡೆಯುವಾಗ ಒಳಗೇನೋ ಹರಿಯಿತು ಅಂತ ಆಮೇಲೆ ಕಥೆ ಬೆಳೆಯಿತು. ಹಿಂದಿನ ಕ್ರಿಕೆಟ್ ಪಂದ್ಯದಲ್ಲೇ ಪೆಟ್ಟಾಗಿತ್ತು ಅನ್ನುವವರೂ ಇದ್ದಾರೆ. ಹರ್ನಿಯಾ ಇರಬೇಕು ಅನ್ನುವುದು ಈಗ ಜಾಸ್ತಿ ಜನರ ಅಭಿಪ್ರಾಯ. ಇವತ್ತು ಒಂದು ಆಪರೇಷನ್‌ನಲ್ಲಿ ಸರಿಹೋಗುವ ತೊಂದರೆ, ಅಲ್ವಾ? ನೆನೆಸಿಕೊಂಡರೆ ಸಂಕಟವಾಗುತ್ತದೆ.

ಬ್ರೂಕ್ಲಿನ್‌ನ ಗ್ರೀನ್‌ವುಡ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಅಮೃತಶಿಲೆಯ ಕಂಬದ ಮೇಲೆ ಬ್ಯಾಟು, ಟೋಪಿ ಕೆತ್ತಿದ್ದಾರೆ. ತುದಿಯಲ್ಲಿ ಕಲ್ಲಿನ ಚೆಂಡೊಂದಿತ್ತು. ಅದು ಎಷ್ಟೋ ವರ್ಷ ಕಾಣೆಯಾಗಿತ್ತು. ಈಚೆಗೆ ಅಭಿಮಾನಿಗಳು ಹೊಸ ಚೆಂಡು ಮಾಡಿಸಿ, ಅದೇ ಜಾಗದಲ್ಲಿ ಕೂರಿಸಿದ್ದಾರೆ.