ಪಂಪಿಲ್ಲ, ಏತವಿಲ್ಲ: ಕಡಲ ಉಬ್ಬರದಲ್ಲಿ ಭತ್ತ ಬೆಳೆದ ಕೆರೊಲಿನಾ

ನಮಸ್ಕಾರ. ಕಳೆದ ವಿಡಿಯೋ ನೋಡಿದವರೊಬ್ಬರು ಕೇಳಿದ್ರು: "ಅಮೆರಿಕದ ಪೂರ್ವ ಕರಾವಳಿಯಲ್ಲಿ ವಸಾಹತು ಕಟ್ಟಿದವರು ಇಂಗ್ಲಿಷರೇ, ರಾಜನೂ ಒಬ್ಬನೇ. ಮತ್ತೆ ಉತ್ತರದ ಬದುಕಿಗೂ ದಕ್ಷಿಣದ ಬದುಕಿಗೂ ಅಷ್ಟು ಅಂತರ ಯಾಕೆ?" ಉತ್ತರ ಹುಡುಕ್ತಾ ಹೋಗಿ ನಾನು ಒಂದು ಭತ್ತದ ಗದ್ದೆಯಲ್ಲೇ ನಿಂತುಬಿಟ್ಟೆ. ನಿಮ್ಮನ್ನೂ ಅಲ್ಲಿಗೇ ಕರ್ಕೊಂಡು ಹೋಗ್ತೀನಿ. ಮೊದಲು ಮ್ಯಾಪಿನ ಮೇಲೆ ಬೇಗ ಒಂದು ಸುತ್ತು.

[ಮ್ಯಾಪ್: ಉತ್ತರದಿಂದ ದಕ್ಷಿಣಕ್ಕೆ]

ಮೇಲೆ ಮ್ಯಾಸಚೂಸೆಟ್ಸ್. ಹಿಮನದಿಗಳು ಬಿಟ್ಟುಹೋದ ಕಲ್ಲುನೆಲ, ಉದ್ದನೆ ಚಳಿಗಾಲ. ಹೊಲ ಕೈಕೊಟ್ಟಲ್ಲಿ ಕಡಲು ಕೈಹಿಡೀತು: ಕಾಡ್ ಮೀನು, ಹಡಗು ಕಟ್ಟೋ ಕೆಲಸ. ಬಾಸ್ಟನ್ನಿನ ಶಾಸನಸಭೆಯಲ್ಲಿ ಇವತ್ತಿಗೂ ಮರದ ಕಾಡ್ ಮೀನೊಂದು ತೂಗುಹಾಕಿದೆ. ಮನೆಗಳು ಒತ್ತೊತ್ತಾಗಿದ್ದ ಊರುಗಳು; 50 ಮನೆ ಇದ್ದರೆ ಮೇಷ್ಟ್ರನ್ನ ಇಡಲೇಬೇಕು ಅಂತ 1647ರಲ್ಲೇ ಕಾನೂನು ಬಂತು.

ಕೆಳಗೆ ವರ್ಜೀನಿಯಾ. ಆಳವಾದ ನದಿಗಳು, ಹೊಗೆಸೊಪ್ಪು. ಹಡಗು ತೋಟದ ಕಟ್ಟೆಗೇ ಬಂದು ನಿಲ್ತಿತ್ತು, ಹಾಗಾಗಿ ದೊಡ್ಡ ಪೇಟೆಗಳು ಬೆಳೀಲೇ ಇಲ್ಲ. 1696ರ ಕಾನೂನಿನಂತೆ ಪಾದ್ರಿಯ ವರ್ಷದ ಸಂಬಳ 16,000 ಪೌಂಡ್. ಅದು ದುಡ್ಡಲ್ಲ, ಹೊಗೆಸೊಪ್ಪಿನ ತೂಕ!

ಈಗ ಗದ್ದೆಗೆ ಬರೋಣ.

[ದೃಶ್ಯ: ದಕ್ಷಿಣ ಕೆರೊಲಿನಾದ ಜೌಗು]

ಕಡಲು ಉಬ್ಬಿದಾಗ ನದಿಯ ನೀರು ಹಿಂದಕ್ಕೆ ತಳ್ಳಿಸಿಕೊಂಡು ಮೇಲೇರುತ್ತೆ. ಉಪ್ಪುನೀರು ಭಾರ, ಅಡಿಯಲ್ಲಿರುತ್ತೆ, ಸಿಹಿನೀರು ಮೇಲೆ. 18ನೇ ಶತಮಾನದ ನಡುಭಾಗದಿಂದ ಅಲ್ಲಿನವರು ಆ ಸಿಹಿನೀರನ್ನ ಗದ್ದೆಗೆ ತಿರುಗಿಸಿಕೊಂಡರು. ಕಡಲಿಗೆ ತೀರಾ ಹತ್ತಿರವಾದರೆ ಪೈರು ಉಪ್ಪಿಗೆ ಸುಡುತ್ತೆ, ತೀರಾ ಒಳಗೆ ಹೋದರೆ ಉಬ್ಬರವೇ ಬರಲ್ಲ. ನಡುವಿನ ಸಣ್ಣ ಪಟ್ಟಿಗೇ ಚಿನ್ನದ ಬೆಲೆ. ಕುಮಟಾ ಕಡೆ ಅಘನಾಶಿನಿಯ ಗಜನಿ ಗದ್ದೆ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ. ಆದರೆ ನಮ್ಮ ಕಗ್ಗ ಭತ್ತ ಉಪ್ಪು ತಡ್ಕೊಳ್ಳುತ್ತೆ, ಅವರದ್ದು ತಡ್ಕೊಳ್ತಿರಲಿಲ್ಲ.

ಒಡ್ಡಿನ ಕೆಳಗೆ ಒಂದು ಉದ್ದನೆ ಮರದ ತೂಬು, ಎರಡು ತುದಿಗೂ ಬಾಗಿಲು. ಹೊರಬಾಗಿಲು ಎತ್ತಿದರೆ ಉಬ್ಬರದ ನೀರು ಒಳಬಾಗಿಲನ್ನ ತಾನೇ ತಳ್ಳಿಕೊಂಡು ಗದ್ದೆಗೆ ನುಗ್ಗುತ್ತೆ. ಇಳಿತ ಶುರುವಾದ ಕೂಡಲೇ ಗದ್ದೆಯ ನೀರು ವಾಪಸ್ ಹೊರಟು, ಅದೇ ಬಾಗಿಲನ್ನ ಒತ್ತಿ ಮುಚ್ಚಿಬಿಡುತ್ತೆ! ನೀರೇ ಬಂದು, ನೀರೇ ಚಿಲಕ ಹಾಕೋದು. ಇದರ ಹೆಸರು ಟ್ರಂಕು. ನಮ್ಮ ಮನೆಯ ತಗಡಿನ ಟ್ರಂಕಲ್ಲ, ಮರದ ಬೊಡ್ಡೆ. ಮೊದಮೊದಲು ಸೈಪ್ರೆಸ್ ಮರದ ಬೊಡ್ಡೆಯನ್ನೇ ಟೊಳ್ಳು ಮಾಡಿ ಬೆಣೆ ಹೊಡೀತಿದ್ರು. ತೂಬು ಬದಲಾದರೂ ಹೆಸರು ಉಳೀತು.

ಆ ಒಡ್ಡುಗಳನ್ನೆಲ್ಲ ಮೊಣಕಾಲುದ್ದ ಕೆಸರಲ್ಲಿ ನಿಂತು, ಸಲಿಕೆ ಹಿಡಿದು ಕಟ್ಟಿದವರು ಗುಲಾಮರಾಗಿ ಬಂದ ಆಫ್ರಿಕನ್ನರು. ಅವರಲ್ಲಿ ಅನೇಕರು ಊರಲ್ಲೇ ಭತ್ತ ಬೆಳೆದು ಗೊತ್ತಿದ್ದವರು. 1760ರ ಚಾರ್ಲ್ಸ್‌ಟನ್ ಜಾಹೀರಾತೊಂದು ಇಂಥವರನ್ನ ಅಕ್ಕಿ ಕರಾವಳಿಯಿಂದ, ಅಂದರೆ ಪಶ್ಚಿಮ ಆಫ್ರಿಕದ ಭತ್ತ ಬೆಳೆಯೋ ತೀರದಿಂದ, ತಂದವರು ಅಂತ ಹೊಗಳಿ ಮಾರಿತ್ತು. ನೆಲ ಹಾಗಿತ್ತು, ಅದಕ್ಕೇ ಗುಲಾಮಗಿರಿ ಬಂತು ಅನ್ನೋ ಮಾತನ್ನ ನಾನು ಒಪ್ಪಲ್ಲ. ಜೌಗು ಯಾರನ್ನೂ ಕೊಂಡು ತರಲಿಲ್ಲ. ದುಡ್ಡು ಕೊಟ್ಟು ಮನುಷ್ಯರನ್ನ ಕೊಂಡವರು ಮನುಷ್ಯರೇ.

ನಿಂತ ನೀರಲ್ಲಿ ಸೊಳ್ಳೆ, ಸೊಳ್ಳೆಯಿಂದ ಮಲೇರಿಯಾ. ಬೇಸಿಗೆ ಬಂತೆಂದರೆ ಧಣಿಗಳು ಚಾರ್ಲ್ಸ್‌ಟನ್ನಿಗೆ ಹೊರಟುಬಿಡೋರು. ದುಡಿಯೋರಿಗೆ ದಿನಕ್ಕಿಷ್ಟು ಕೆಲಸ ಅಂತ ಪಾಲು: ಸಾಮಾನ್ಯವಾಗಿ ಕಾಲು ಎಕರೆ, ಅಂದರೆ ನಮ್ಮ ಲೆಕ್ಕದಲ್ಲಿ 10 ಗುಂಟೆ. ಅದು ಮುಗಿದ ಮೇಲೆ ಉಳಿದ ಹೊತ್ತು ತಮ್ಮ ಕೈತೋಟಕ್ಕೆ, ಮೀನಿಗೆ. 1708ರ ಹೊತ್ತಿಗೇ ಅಲ್ಲಿ ಬಿಳಿಯರಿಗಿಂತ ಕರಿಯರು ಹೆಚ್ಚು. ಹಾಗೆ ತಮ್ಮಷ್ಟಕ್ಕೆ ಬಾಳಿದವರ ನಡುವೆ ಗಲ್ಲಾ ಅನ್ನೋ ಭಾಷೆ ಹುಟ್ಟಿತು, ಆಫ್ರಿಕದ ಪದಗಳನ್ನ ಇಟ್ಟುಕೊಂಡೇ. ಭತ್ತ ಕುಟ್ಟೋಕೆ ಒರಳು, ಒನಕೆ. ಕೇರೋಕೆ ಜೊಂಡುಹುಲ್ಲನ್ನ ಸುರುಳಿ ಸುತ್ತಿ ಹೊಲಿದ ದುಂಡನೆ ಮೊರ.

ಸಮಯ ಆಗ್ತಾ ಬಂತು, ಉಳಿದದ್ದು ಒಟ್ಟಿಗೇ ಹೇಳ್ತೀನಿ. ನಡುವಿನ ಪೆನ್ಸಿಲ್ವೇನಿಯಾದಲ್ಲಿ ಗೋಧಿ, ತೊರೆಗಳ ಮೇಲೆ ಹಿಟ್ಟಿನ ಗಿರಣಿ, ಫಿಲಡೆಲ್ಫಿಯಾ ಬಂದರು. ಕೆರೊಲಿನಾದಲ್ಲಿ 1865ರಲ್ಲಿ ಗುಲಾಮಗಿರಿ ಮುಗೀತು. 1893, 1911ರ ಚಂಡಮಾರುತಗಳು ಒಡ್ಡು ಒಡೆದವು, ಭತ್ತವೂ ನಿಂತಿತು.

[ದೃಶ್ಯ: ಹಳೆಯ ಗದ್ದೆ, ಬಾತುಕೋಳಿಗಳು]

ಇವು ಆ ಗದ್ದೆಗಳೇ. ಕೆಲವು ಕಡೆ ಈಗ ಪಕ್ಷಿಧಾಮ. ಕಾವಲಿನವರು ಉಬ್ಬರದ ಹೊತ್ತು ನೋಡಿಕೊಂಡು ಟ್ರಂಕಿನ ಬಾಗಿಲು ಎತ್ತುತ್ತಾರೆ, ಬಾತುಗಳಿಗೆ ನೀರು ಬಿಡೋಕೆ.