ಕಲ್ಲು ಹೊಡೆದ ಊರಲ್ಲೇ ಅವರ ಹೆಸರು

ಈ ಶಾಟ್‌ನಲ್ಲಿ ಗಾಳಿ ಸದ್ದು ಜಾಸ್ತಿ. ಅದಕ್ಕೆ ಮಾತನ್ನ ಆಮೇಲೆ ಸೇರಿಸಿದ್ದೇನೆ. ಇದು ಗ್ರೀಸ್‌ನ ಕ್ರೀಟ್ ದ್ವೀಪ, ಹನ್ಯಾ ಊರಿನ ಪಕ್ಕದ ಗುಡ್ಡ. ಕೆಳಗೆ ಇಡೀ ಊರು, ಆಚೆಗೆ ಸಮುದ್ರ. ಎದುರಿಗೆ ಕಾಣ್ತಿರೋ ಕಲ್ಲಿನ ಸಮಾಧಿ ಎಲೆಫ್ತೇರಿಯೋಸ್ ವೆನಿಜೆಲೋಸ್ ಅವರದು.

ಅಥೆನ್ಸ್ ಏರ್‌ಪೋರ್ಟ್‌ಗೆ ಇವರದೇ ಹೆಸರು. ಅಲ್ಲಿ ಇಳಿದಾಗ ಬೋರ್ಡ್ ಓದಿದ್ದೆ, ಯಾರೋ ದೊಡ್ಡವರಿರಬೇಕು ಅಂತ ಬ್ಯಾಗ್ ಎತ್ಕೊಂಡು ಹೊರಟಿದ್ದೆ, ಅಷ್ಟೇ.

ಹುಟ್ಟಿದ್ದು 1864ರಲ್ಲಿ, ಇಲ್ಲೇ ಹತ್ತಿರದ ಹಳ್ಳಿಯಲ್ಲಿ. ಆಗ ಕ್ರೀಟ್ ತುರ್ಕರ ಕೈಲಿತ್ತು. 1910ರಲ್ಲಿ ಗ್ರೀಸ್ ಪ್ರಧಾನಿಯಾದರು. 1912-13ರ ಬಾಲ್ಕನ್ ಯುದ್ಧಗಳು ಮುಗಿಯುವಷ್ಟರಲ್ಲಿ ದೇಶ ಹೆಚ್ಚೂಕಡಿಮೆ ಎರಡು ಪಟ್ಟು ಆಗಿತ್ತು. ಕ್ರೀಟ್ ಕೂಡ ಸೇರಿಕೊಂಡಿತು.

ಹಾಗಾದ್ರೆ ಎಲ್ಲರೂ ತಲೆ ಮೇಲೆ ಹೊತ್ತು ಮೆರೆಸಿದರಾ? ಎಲ್ಲಿ ಬಂತು! ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟನ್, ಫ್ರಾನ್ಸ್ ಕಡೆ ಸೇರೋಣ ಅಂದರು ಇವರು. ರಾಜ ಕಾನ್‌ಸ್ಟಂಟೈನ್ ಬೇಡವೇ ಬೇಡ ಅಂದ. ಅವನ ಹೆಂಡತಿ ಜರ್ಮನಿ ದೊರೆಯ ತಂಗಿ, ಅದನ್ನೂ ನೆನಪಿಡಿ. ಜಗಳ ಎಲ್ಲಿಗೆ ಹೋಯಿತೆಂದರೆ 1916ರಲ್ಲಿ ಒಂದೇ ದೇಶಕ್ಕೆ ಎರಡು ಸರ್ಕಾರ. ರಾಜನದು ಅಥೆನ್ಸ್‌ನಲ್ಲಿ, ಇವರದು ಥೆಸಲೊನೀಕಿಯಲ್ಲಿ. ಆ ಡಿಸೆಂಬರ್‌ನಲ್ಲಿ ಅಥೆನ್ಸ್‌ನ ಬಯಲಲ್ಲಿ ಆರ್ಚ್‌ಬಿಷಪ್ ಇವರಿಗೆ ಶಾಪ ಹಾಕಿದರು. ಜನ ಒಬ್ಬೊಬ್ಬರಾಗಿ ಬಂದು ಒಂದೊಂದು ಕಲ್ಲು ಎಸೆದರು. ಹಿಡಿಮಣ್ಣು ತೂರಿ ಶಪಿಸ್ತಾರಲ್ಲ, ಥೇಟ್ ಹಾಗೆ. ಕಲ್ಲಿನ ಗುಡ್ಡೆಯೇ ಬಿತ್ತು.

1920ರಲ್ಲಿ ಪ್ಯಾರಿಸ್ ರೈಲು ನಿಲ್ದಾಣದಲ್ಲಿ ಇವರ ಮೇಲೆ ಗುಂಡು ಹಾರಿತು, ಬದುಕಿಕೊಂಡರು. ಅದೇ ವರ್ಷ ಚುನಾವಣೆಯಲ್ಲಿ ಸೋತರು.

ನನಗೆ ನುಂಗೋಕಾಗದ ವಿಷಯ ಒಂದಿದೆ. ಗ್ರೀಸ್-ತುರ್ಕಿ ಯುದ್ಧ ಆದಮೇಲೆ, 1923ರಲ್ಲಿ ಗ್ರೀಸ್ ಪರವಾಗಿ ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ಜನರ ಅದಲುಬದಲು ಒಪ್ಪಂದಕ್ಕೆ ಸಹಿ ಹಾಕಿದವರು ಇವರೇ. ಸುಮಾರು 12 ಲಕ್ಷ ಕ್ರೈಸ್ತರು ತುರ್ಕಿಯಿಂದ ಈ ಕಡೆ, ಸುಮಾರು 4 ಲಕ್ಷ ಮುಸ್ಲಿಮರು ಆ ಕಡೆ. ಎಷ್ಟೋ ಕ್ರೈಸ್ತರು ಅಷ್ಟರಲ್ಲೇ ಜೀವ ಉಳಿಸಿಕೊಂಡು ಓಡಿ ಬಂದಿದ್ದರು, ಅವರಿಗೆ ವಾಪಸ್ ಹೋಗೋ ದಾರಿಯೂ ಮುಚ್ಚಿತು. ಯಾವ ಭಾಷೆ ಅಂತ ಯಾರೂ ಕೇಳಲಿಲ್ಲ, ಧರ್ಮ ಮಾತ್ರ ನೋಡಿದರು. ಮನೆಯಲ್ಲಿ ಗ್ರೀಕ್ ಮಾತಾಡುತ್ತಿದ್ದ ಕ್ರೀಟ್‌ನ ಮುಸ್ಲಿಮರೂ ಹಡಗು ಹತ್ತಬೇಕಾಯಿತು. ಬೆಳಿಗ್ಗೆ ಬಂದರಿನಲ್ಲಿ ತೋರಿಸಿದೆನಲ್ಲ, ನೀರಿನ ಪಕ್ಕದ ಗುಮ್ಮಟದ ಮಸೀದಿ? ಅಲ್ಲಿ ನಮಾಜ್ ನಿಂತಿದ್ದು ಆಗಲೇ. ಯುದ್ಧ ತಪ್ಪಿತು, ಬೇರೆ ದಾರಿ ಇರಲಿಲ್ಲ ಅನ್ನುವವರಿದ್ದಾರೆ. ಇರಬಹುದು. ನನಗೆ ಆ ಮಸೀದಿ ಮುಂದೆ ಫೋಟೊ ತೆಗೆಯೋ ಮನಸ್ಸೇ ಬರಲಿಲ್ಲ.

ವಿಚಿತ್ರ ಅಂದ್ರೆ, ಇದೇ ಮನುಷ್ಯ 1930ರಲ್ಲಿ ಅಂಕಾರಾಕ್ಕೆ ಹೋಗಿ ತುರ್ಕಿ ಜೊತೆ ಸ್ನೇಹ ಒಪ್ಪಂದ ಮಾಡಿಕೊಂಡು ಬಂದರು. 1934ರಲ್ಲಿ ತುರ್ಕಿಯ ಅಧ್ಯಕ್ಷ ಅತಾತುರ್ಕ್ ಹೆಸರನ್ನ ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿಸಿದರು.

1936ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಅಥೆನ್ಸ್‌ಗೆ ತಂದರೆ ಗಲಾಟೆಯಾದೀತು ಅನ್ನೋ ಭಯ. ಹಾಗಾಗಿ ಯುದ್ಧನೌಕೆಯಲ್ಲಿ ದೇಹವನ್ನ ಸೀದಾ ಹನ್ಯಾಗೆ ತಂದು, ಈ ಗುಡ್ಡಕ್ಕೆ ಹೊತ್ತು ತಂದರು.

ನಾಳೆ ಬೆಳಿಗ್ಗೆ ಅಥೆನ್ಸ್ ಫ್ಲೈಟ್ ಇದೆ. ಈ ಸಲ ಬೋರ್ಡ್ ಮುಂದೆ ಸ್ವಲ್ಪ ಹೊತ್ತು ನಿಂತು ವಿಡಿಯೊ ಮಾಡ್ತೀನಿ.