ಪರ್ಲ್‌ನಲ್ಲಿ ಅರೇ ಒಳಗೆ ಅರೇ ಯಾಕೆ ಕೂರಲ್ಲ?

[ತೆರೆಯ ಮೇಲೆ: 3 + 2 = ?]

ಪರ್ಲ್ ಒಂದು ಪ್ರೋಗ್ರಾಮಿಂಗ್ ಭಾಷೆ, ಅರೇ ಅಂದರೆ ಸಾಲಾಗಿ ಜೋಡಿಸಿಟ್ಟ ಐಟಂಗಳ ಪಟ್ಟಿ. ಒಂದು ಅರೇಯಲ್ಲಿ 3 ಸಂಖ್ಯೆ ಇವೆ, ಇನ್ನೊಂದರಲ್ಲಿ 2. ಎರಡೂ ಅರೇಗಳನ್ನು ಹೊಸ ಅರೇ ಒಳಗೆ ಹಾಕಿ. ಈಗ ಅದರಲ್ಲಿ ಎಷ್ಟು ಐಟಂ? ಪೈಥಾನ್ ಭಾಷೆಯಲ್ಲಿ ಬರೆಯುವವರು 2 ಅಂತೀರಿ, ಒಳಗೆ ಎರಡು ಲಿಸ್ಟ್ (ಅಲ್ಲಿ ಅರೇಗೆ ಇರುವ ಹೆಸರು) ಇವೆಯಲ್ವಾ. ಪರ್ಲ್ ಕೊಡುವ ಉತ್ತರ 5.

ಯಾಕೆ ಹೀಗೆ ಅಂತ ಹೇಳೋಕೆ ಒಂದು ಪದ ಬೇಕು. 'ಫಸ್ಟ್ ಕ್ಲಾಸ್' ಅನ್ನುವ ಆ ಮಾತು ನೋಡಿಬಿಡೋಣ. ಕಂಪ್ಯೂಟರ್ ವಿಜ್ಞಾನಿ ಕ್ರಿಸ್ಟೋಫರ್ ಸ್ಟ್ರೇಚಿ 1967ರಲ್ಲಿ ಕೋಪನ್‌ಹೇಗನ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಈ ವಿಚಾರ ಬರುತ್ತದೆ. ಸಂಖ್ಯೆಯನ್ನು ವೇರಿಯಬಲ್‌ನಲ್ಲಿ ಇಡಬಹುದು, ಫಂಕ್ಷನ್‌ಗೆ ಕೊಡಬಹುದು, ವಾಪಸ್ ಪಡೆಯಬಹುದು, ಇನ್ನೊಂದರ ಒಳಗೂ ಇಡಬಹುದು. ಇಷ್ಟೂ ಹಕ್ಕು ಇದ್ದರೆ ಅದು ಫಸ್ಟ್ ಕ್ಲಾಸ್.

ಪರ್ಲ್‌ನ ಅರೇಗೆ ಕೊನೆಯ ಹಕ್ಕು ಇಲ್ಲ, ಫಂಕ್ಷನ್‌ಗೆ ಕೊಡುವ ಹಕ್ಕೂ ಪೂರ್ತಿ ಇಲ್ಲ. ಎರಡು ಡಬ್ಬಿ ಕಡಲೆಕಾಯಿಯನ್ನು ದೊಡ್ಡ ಡಬ್ಬಿಗೆ ಸುರಿದ ಹಾಗೆ. ಕಾಯಿ ಎಲ್ಲಾ ಇದೆ, ಯಾವುದು ಯಾವ ಡಬ್ಬಿಯದ್ದು ಅನ್ನೋದು ಹೋಯಿತು.

ನನ್ನನ್ನು ಬೆಚ್ಚಿಬೀಳಿಸುವುದು ಇದು: ಎರಡು ಅರೇಗಳನ್ನು ಒಂದು ಫಂಕ್ಷನ್‌ಗೆ ಕೊಡಿ. ಒಳಗೆ ಎರಡು ಅರೇಗಳಿಗೆ ತುಂಬಿಕೊಳ್ಳಿ. ಮೊದಲನೆಯದು ಎಲ್ಲವನ್ನೂ ನುಂಗುತ್ತದೆ, ಎರಡನೆಯದು ಖಾಲಿ! ಎರರ್ ಇಲ್ಲ, ವಾರ್ನಿಂಗೂ ಇಲ್ಲ. ಪ್ರೋಗ್ರಾಂ ಸುಮ್ನೆ ಮುಂದೆ ಓಡುತ್ತದೆ. ಲೆಕ್ಕ ತಪ್ಪಾಗಿದೆ ಅಂತ ಗೊತ್ತಾಗುವುದು ಎಲ್ಲೋ ದೂರದಲ್ಲಿ.

1994ರಲ್ಲಿ ಬಂದ ಪರ್ಲ್ 5 ಇದಕ್ಕೆ ರೆಫರೆನ್ಸ್ ಕೊಟ್ಟಿತು. ಡಬ್ಬಿಯನ್ನು ಒಳಗೆ ಇಡಬೇಡಿ, ಅದು ಯಾವ ಕಪಾಟಿನಲ್ಲಿದೆ ಅಂತ ಬರೆದ ಚೀಟಿ ಇಡಿ. ಚೀಟಿ ಒಂದೇ ಐಟಂ, ಆದ್ದರಿಂದ ಎಲ್ಲಿ ಬೇಕಾದರೂ ಕೂರುತ್ತದೆ.

ಆದರೆ ನನ್ನ ತಕರಾರು ಇಲ್ಲೇ ಇದೆ. ಅರೇ ಒಳಗೆ ಅರೇ ಇಡುವುದು ಒಂದು ಆಸೆ. ಒಂದೇ ಡೇಟಾವನ್ನು ಇಬ್ಬರು ಹಂಚಿಕೊಳ್ಳುವುದು ಬೇರೆಯೇ ಆಸೆ. ಮೊದಲನೆಯದು ಕೇಳಿದವರಿಗೆ ಪರ್ಲ್ ಎರಡನ್ನೂ ಕಟ್ಟಿ ಕೊಡುತ್ತದೆ. ಒಳಗಿನ ಅರೇಯನ್ನು ಇಲ್ಲಿ ಬದಲಾಯಿಸಿದರೆ ಅಲ್ಲೂ ಬದಲಾಗುತ್ತದೆ. ಪೈಥಾನ್‌ನಲ್ಲೂ ಇದೇ ಕತೆ, ಚೀಟಿ ಕಣ್ಣಿಗೆ ಕಾಣಲ್ಲ ಅಷ್ಟೇ. ಕಾಣುವ ವಿಷಯದಲ್ಲಿ ನನಗೆ ಪರ್ಲ್ ಜಾಸ್ತಿ ಇಷ್ಟ.

ಸಮಯ ಆಗ್ತಾ ಬಂತು, ಉಳಿದದ್ದು ಬೇಗ. ಸ್ವಿಫ್ಟ್ ಮತ್ತು ಪಿಎಚ್‌ಪಿ ಭಾಷೆಗಳಲ್ಲಿ ಅರೇಯನ್ನು ಬೇರೆ ವೇರಿಯಬಲ್‌ಗೆ ಹಾಕಿದರೆ ಅದು ಬೇರೆಯದೇ ಅರೇ. ಪ್ರತಿ ಸಲ ಕಾಪಿ ಮಾಡಿದರೆ ನಿಧಾನ ಆಗಲ್ವಾ? ಇಲ್ಲ, ಯಾರಾದರೂ ಬದಲಾಯಿಸುವವರೆಗೆ ಒಳಗೆ ಮೆಮೊರಿ ಒಂದೇ ಇರುತ್ತದೆ. ಇದಕ್ಕೆ ಕಾಪಿ ಆನ್ ರೈಟ್ ಅಂತಾರೆ. ಹಂಚಿಕೊಳ್ಳಲೇಬೇಕು ಅಂದರೆ ಸ್ವಿಫ್ಟ್‌ನಲ್ಲಿ ಕ್ಲಾಸ್ ಬಳಸಿ (ಚೀಟಿಯ ಹಾಗೆ ಕೆಲಸ ಮಾಡುವ ಬಗೆ, 'ಫಸ್ಟ್ ಕ್ಲಾಸ್'ಗೂ ಇದಕ್ಕೂ ಸಂಬಂಧವಿಲ್ಲ). ಹೊಸ ಭಾಷೆ ಕಟ್ಟುವವರು ಈ ದಾರಿ ಹಿಡಿಯಬೇಕು ಅಂತ ನನ್ನ ಅಭಿಪ್ರಾಯ.

ಹಾಗಂತ ರೆಫರೆನ್ಸ್ ಬೇಡವೇ ಬೇಡ ಅನ್ನಕ್ಕಾಗಲ್ಲ. ಡೇಟಾವನ್ನು ವಂಶವೃಕ್ಷದ ಹಾಗೆ ಜೋಡಿಸಿದ ಟ್ರೀಯಲ್ಲಿ ಮಗುವಿನಿಂದ ತಾಯಿಗೆ ವಾಪಸ್ ಹೋಗಬೇಕಾದರೆ ತಾಯಿಯ ಕಾಪಿಯಿಂದ ಏನೂ ಉಪಯೋಗವಿಲ್ಲ. ಅಲ್ಲಿ ಚೀಟಿಯೇ ಬೇಕು.